ಆಯಿಯ ಹಾಡು, ಹಿಂದೊಂದು ಹೊಳೆ

ಮೋಡಕಾ ಅಂಗಡಿಯ ತಕ್ಕಡಿಗೆ ದೊಡ್ಡವರು ಸಣ್ಣವರೆಂಬ ಭೇದವಿಲ್ಲ. ಸೋರುವ ಕೊಡ, ಕಾಲು ಮುರಿದ ಖುರ್ಚಿ, ಓದಿ ಮುಗಿದ ಪತ್ರಿಕೆ, ಎಲ್ಲಕ್ಕೂ ಕಿಲೋ ಲೆಕ್ಕ. ಗೋಕಾಕದ ಅಂಥದೊಂದು ಅಂಗಡಿಯಲ್ಲಿ ರದ್ದಿಯ ಕಟ್ಟಿನ ಕೆಳಗಿಂದ ಒಂದು ಹಿಡಿಕೆ ಇಣುಕುತ್ತಿತ್ತು. ಎಳೆದರೆ ಟೂ ಇನ್ ಒನ್! ಗುಂಡಿಗಳೆಲ್ಲ ಬೆರಳು ತಾಗಿ ತಾಗಿ ಸವೆದಿದ್ದವು. ರೆಕಾರ್ಡ್ ಗುಂಡಿಯ ಕೆಂಪು ಮಾತ್ರ ಹೊಸದರಂತಿತ್ತು. ಕೇಳಿದ್ದೇ ಬಹಳ, ಹಿಡಿದಿಟ್ಟದ್ದು ಕಡಿಮೆ.

“ಅದು ಹಾಡಂಗಿಲ್ರಿ ಅಣ್ಣಾರ. ಒಳಗ ಒಂದೀಟು ತಾಮ್ರ ಐತಿ, ಅಷ್ಟ,” ಅಂದ ಅಂಗಡಿಯವ.

“ಇರ್ಲಿ ಬಿಡು. ಎಷ್ಟು ಕೊಡ್ಲಿ?”

“ತಡೀರಿ, ತೂಗತೇನಿ.”

ಮನೆಯ ಮಾಡದಲ್ಲಿ ಕಸೂತಿಯ ಬಟ್ಟೆ ಹೊದ್ದು ಕೂಡುತ್ತಿದ್ದ ವಸ್ತು ಹೀಗೆ ಪ್ಲಾಸ್ಟಿಕ್ಕಿನ ದರದಲ್ಲಿ ನನ್ನ ಚೀಲ ಸೇರಿತು.

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ. ಗೋಕಾಕ ಫಾಲ್ಸಿನ ನಮ್ಮ ಮನೆಗೆ ಅದು ಬರುವಷ್ಟರಲ್ಲಿ ಎಂಬತ್ತರ ದಶಕ ಅರ್ಧ ಮುಗಿದಿತ್ತು. ಚಹಾದಂಗಡಿಯಲ್ಲಿ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಕೇಳಿ ನಗುತ್ತಿದ್ದರು. ಟ್ರ್ಯಾಕ್ಟರಿನ ಮೇಲೆ ಡೊಳ್ಳಿನ ಪದ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದಾಟದ ನಾಡಿದು, ರಾತ್ರಿಯಿಡೀ ಕೂತು ಆಟ ನೋಡಿದವರು ಇಲ್ಲಿಯ ಜನ. ಅಂಥವರಿಗೆ ಅರ್ಧ ತಾಸಿಗೊಮ್ಮೆ ಎದ್ದು ಮಗ್ಗಲು ತಿರುವಬೇಕಾದ ಡಬ್ಬಿ ಮೊದಮೊದಲು ಚೇಷ್ಟೆಯಾಗಿಯೇ ಕಂಡಿತು.

ಸಿಕ್ಸ್‌ಟಿ ಕ್ಯಾಸೆಟ್ಟಿನ ರೀಲು ಬಿಚ್ಚಿದರೆ ಸುಮಾರು 86 ಮೀಟರ್. ನಮ್ಮ ಘಟಪ್ರಭೆ ಧುಮುಕುವುದು ಸುಮಾರು 52 ಮೀಟರ್. ಬಂಡೆಯ ತುದಿಯಿಂದ ಇಳಿಬಿಟ್ಟರೆ ತಳ ಮುಟ್ಟಿ, ಹೊಲದ ಒಂದು ಬದಿಗೆ ಕಟ್ಟುವಷ್ಟು ಮಿಕ್ಕೀತು. ಉತ್ಪ್ರೇಕ್ಷೆಯಲ್ಲ, ಯಂತ್ರ ನುಂಗಿ ಉಗುಳಿದ ರೀಲನ್ನು ಜೋಳದ ಹೊಲದಲ್ಲಿ ಗೂಟದಿಂದ ಗೂಟಕ್ಕೆ ಕಟ್ಟುತ್ತಿದ್ದರು. ಗಾಳಿಗೆ ಅದು ಝರಝರ ಮಿಂಚಿದರೆ ಹಕ್ಕಿ ಹತ್ತಿರ ಸುಳಿಯುತ್ತಿರಲಿಲ್ಲ.

ನಮ್ಮಲ್ಲಿ ಆ ಗತಿ ಕಾಣದೆ ಉಳಿದ ಕ್ಯಾಸೆಟ್ಟು ಒಂದೇ. ಒಂದು ನಾಗರ ಪಂಚಮಿಗೆ ಅತ್ತೆಯರು ತವರಿಗೆ ಬಂದಾಗ, ಅಳ್ಳು ಉಂಡಿಗಳ ನಡುವೆ, ಅಪ್ಪ ಆಯಿಯ ಮುಂದೆ ಟೇಪು ಇಟ್ಟು ಜೋಕಾಲಿ ಹಾಡು ಹಾಡಿಸಿದ್ದ. ಮೇಲೆ ಯಾರೂ ಸಿನೆಮಾ ಹಾಡು ತುಂಬದಿರಲೆಂದು ಕ್ಯಾಸೆಟ್ಟಿನ ಬೆನ್ನಿನ ಎರಡೂ ಪ್ಲಾಸ್ಟಿಕ್ ಕಿವಿ ಮುರಿದಿದ್ದ.

ಮೊನ್ನೆ ಚೈತ್ರದಲ್ಲಿ ಅದನ್ನು ಹುಡುಕಿ ತೆಗೆದೆ. ಮೋಡಕಾ ಅಂಗಡಿಯಿಂದ ತಂದ ಯಂತ್ರದ ಬೆಲ್ಟು ಕರಗಿ ಬೆಲ್ಲದ ಪಾಕದಂತೆ ಗಾಲಿಗೆ ಅಂಟಿತ್ತು. ರಬ್ಬರ್ ಬ್ಯಾಂಡು ಹಾಕಿ ನೋಡಿದೆ. ದನಿ ಕುಡಿದವರಂತೆ ತೂರಾಡಿತು. ಹಳೆಯ ರೇಡಿಯೊ ರಿಪೇರಿಯವರೊಬ್ಬರು ಡಬ್ಬಿ ತಡಕಾಡಿ ಅಳತೆಗೆ ಸರಿಯಾದ ಬೆಲ್ಟು ಕೊಟ್ಟರು. ಸ್ಪಿರಿಟ್ಟಿನ ಹತ್ತಿಯಿಂದ ಹೆಡ್ಡು ಒರೆಸಿದೆ. ಹತ್ತಿಗೆ ತುಕ್ಕಿನ ಕಂದು ಬಣ್ಣ ಬಂತು. ರೀಲಿಗೆ ಬಳಿದಿರುವುದೂ ಕಬ್ಬಿಣದ ತುಕ್ಕೇ ತಾನೆ! ಪೆನ್ಸಿಲ್ ತೂರಿಸಿ ರೀಲು ಬಿಗಿ ಮಾಡಿ ಗುಂಡಿ ಒತ್ತಿದೆ.

“ಇದರಾಗ ನಾ ಹ್ಯಾಂಗ ಕೂಡತೇನೋ ಯಪ್ಪಾ?” ಅಂದಳು ಆಯಿ. ಸುತ್ತಲೂ ನಗೆ. ಆಮೇಲೆ ಹಾಡು. ಅವಳು ಉಸಿರಿಗೆ ನಿಂತಾಗಲೆಲ್ಲ ಹಿಂದಿನಿಂದ ಒಂದು ಭೋರೆಂಬ ಸದ್ದು ಏಳುತ್ತಿತ್ತು; ಮತ್ತೆ ಹಾಡತೊಡಗಿದರೆ ಅಡಗುತ್ತಿತ್ತು. ರೀಲು ಹಾಳಾಗಿದೆ ಅಂದುಕೊಂಡೆ. ನಾಲ್ಕನೇ ನುಡಿಗೆ ತಿಳಿಯಿತು, ಅದು ಫಾಲ್ಸು, ಶ್ರಾವಣದ ತುಂಬು ಫಾಲ್ಸು. ರೆಕಾರ್ಡ್ ಮಾಡುವಾಗ ಎದುರಿನ ದನಿ ನಿಂತರೆ ಇಂಥ ಯಂತ್ರ ತಾನಾಗಿ ಕಿವಿ ದೊಡ್ಡದು ಮಾಡಿಕೊಂಡು ದೂರದ ಸಣ್ಣ ಸದ್ದನ್ನೂ ಎತ್ತಿ ಹಿಡಿಯುತ್ತದೆ. 1885ರಿಂದಿರುವ ಗಿರಣಿಯ ಭೋಂಗಾ ಕೇಳಿ ಗಡಿಯಾರ ತಿದ್ದಿಕೊಂಡವರು ನಾವು. ನೀರಿನ ಸದ್ದು ಮಾತ್ರ ನಮಗೆ ಕೇಳುತ್ತಲೇ ಇರಲಿಲ್ಲ. ಹಗಲಿರುಳು ಇದ್ದದ್ದನ್ನು ಯಾರು ಕೇಳುತ್ತಾರೆ? ಬೀಗರು ಬಂದು “ಅಬ್ಬಾ, ಏನ್ ಸಪ್ಪಳರೀ!” ಅಂದಾಗ ನಾವು “ಯಾವ ಸಪ್ಪಳ?” ಅನ್ನುತ್ತಿದ್ದೆವು.

ಕಿಟಕಿ ತೆರೆದೆ. ಬೇಸಿಗೆಯ ಮಧ್ಯಾಹ್ನ, ಬಂಡೆಯ ಮೇಲೆ ನೀರು ಜನಿವಾರದೆಳೆಯಷ್ಟು, ಸದ್ದಿಲ್ಲ. ಆಯಿ ಮತ್ತೊಮ್ಮೆ ಉಸಿರಿಗೆ ನಿಂತಳು. ಕೋಣೆಯೊಳಗೆ ಹೊಳೆ ಬಂತು.