ಮಾವನವರ ರೂಪಾಯಿಯ ನೀಲಿ

ಜುಲೈ 6, 2024, ಶನಿವಾರ, ಮೈಸೂರು

ಮಾವನವರ ನಾಣ್ಯದ ಪುಸ್ತಕದಲ್ಲಿ ಒಂದು ಕಡೆ ಹೀಗಿದೆ: ‘ಐದನೇ ಜಾರ್ಜ್, ಒಂದು ರೂಪಾಯಿ, 1918, ಬೊಂಬಾಯಿ ಟಂಕಸಾಲೆ. ರಾಜನ ತಲೆಯ ಹಿಂದೆ ನವಿಲುನೀಲಿ, ಅಂಚಿನಲ್ಲಿ ಹೊಂಬಣ್ಣ. ಉಜ್ಜಕೂಡದು.’ ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಹುಣಸೆಹಣ್ಣು ಹಾಕಿ ತಾಮ್ರದ ಚೊಂಬು ತಿಕ್ಕುವ ಕೈಗೆ ಎಲ್ಲಿ ಸಿಕ್ಕೀತೋ ಎಂಬ ಭಯ ಇದ್ದಿರಬೇಕು.

ರೂಪಾಯಿಯನ್ನು ಕಿಟಕಿಯ ಕಡೆ ಸ್ವಲ್ಪ ವಾಲಿಸಿದರೆ ಆ ನೀಲಿ ಈಗಲೂ ಕಾಣುತ್ತದೆ. ಮೇಜಿನ ಮೇಲಿಟ್ಟು ಫೋನಿನಲ್ಲಿ ತೆಗೆದರೆ ಬರೀ ಬೂದಿ. ಹುಬ್ಬಳ್ಳಿಯಿಂದ ಮೈದುನ ದಿನಾ ಕೇಳುತ್ತಿದ್ದಾನೆ: “ಅತ್ತಿಗೆ, ಎಲ್ಲದರದ್ದೂ ಫೋಟೋ ಕಳಿಸ್ರಿ, ಶ್ರಾವಣದಾಗ ಬಂದು ಹಂಚ್ಕೊಂಡ್ ಬಿಡೋಣು.” ಅಲ್ಲಿಗೇ ಹೋಗಿ ನೆಲೆಸಿ ಮಾತೂ ಅಲ್ಲಿಯದೇ ಆಗಿದೆ. ಫೋಟೋ ನೋಡಿಯೇ ಅವನು ಆರಿಸಿಕೊಳ್ಳುವುದು. ಚೆಂದ ಬಂದದ್ದನ್ನು ಅವನು ಕೇಳಿ, ಬೂದಿಯಾಗಿ ಬಂದದ್ದು ನಮ್ಮ ಪಾಲಿಗೆ ಉಳಿದರೆ ಹಂಚಿಕೆ ನ್ಯಾಯವಾಗಿ ಆದಂತಲ್ಲ. ಹಾಗೆಯೇ ತಿರುಗುಮುರುಗಾದರೂ.

ಜುಲೈ 7, ಭಾನುವಾರ

ಇಡೀ ದಿನ ಬೆಳಕಿನ ಹಿಂದೆಯೇ. ನಡುಮನೆಯ ಬಲ್ಬಿನ ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದಿದೆ. ಇವರು ಓದುವ ಟೇಬಲ್ ಲ್ಯಾಂಪಿನದು 2700. ಎರಡೂ ಹೊತ್ತಿಸಿದರೆ ನಾಣ್ಯದ ಒಂದು ಮಗ್ಗುಲು ನೀಲಿಗೆ, ಇನ್ನೊಂದು ಹಳದಿಗೆ ತಿರುಗುತ್ತದೆ. ಕ್ಯಾಮೆರಾ ಯಾವುದೋ ಒಂದನ್ನು ಬಿಳಿ ಎಂದು ಎಣಿಸಿ ತಿದ್ದಿದರೆ ಇನ್ನೊಂದು ಕೆಡುತ್ತದೆ. ಬಗೆಬಗೆಯ ಬೆಳಕು ಬೆರೆತರೆ ಆಮೇಲೆ ಕಂಪ್ಯೂಟರಿನಲ್ಲೂ ಸರಿಮಾಡುವುದು ಕಷ್ಟ. ಆದ್ದರಿಂದ ಮೊದಲ ಕಟ್ಟಳೆ: ಒಂದು ಸಲಕ್ಕೆ ಒಂದೇ ಬಗೆಯ ಬೆಳಕು, ಮಿಕ್ಕ ಸ್ವಿಚ್ಚೆಲ್ಲ ಆಫ್, ಪರದೆ ಎಳೆದದ್ದು.

ಕಿಟಕಿಯ ಬೆಳಕು ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಹೌದು, ಮೋಡದ ದಿನ ನೆರಳು ಮೆತ್ತಗಿರುತ್ತದೆ. ಆದರೆ ಪಕ್ಕದ ಮನೆಯವರು ಈಚೆಗೆ ಗೋಡೆಗೆ ಗುಲಾಬಿ ಬಣ್ಣ ಹೊಡೆಸಿದ್ದಾರೆ. ಆ ಗೋಡೆಯಿಂದ ಹೊರಳಿ ಬರುವ ಬೆಳಕಿನಲ್ಲಿ ಬೆಳ್ಳಿಗೆಲ್ಲ ಗುಲಾಬಿ ಛಾಯೆ. ಅದೂ ಸಾಲದೆಂದು ಆಷಾಢದ ಮೋಡ ಗಳಿಗೆಗೊಮ್ಮೆ ಸರಿಯುತ್ತದೆ. ರಾಜನ ಮುಖ ತೆಗೆದು ಹಿಂಬದಿ ತಿರುಗಿಸುವಷ್ಟರಲ್ಲಿ ಬೆಳಕೇ ಬೇರೆ. ಒಂದೇ ನಾಣ್ಯದ ಎರಡು ಮುಖಗಳು ಎರಡು ನಾಣ್ಯಗಳಂತೆ ಕಂಡರೆ ಪಟ್ಟಿ ಮಾಡಿ ಏನು ಫಲ?

ಜುಲೈ 9, ಮಂಗಳವಾರ

ಸಂಜೆ ಸ್ಟುಡಿಯೋ ರಾಯರು ಬಂದಿದ್ದರು. ಅಂಗಡಿ ಈಗ ಮಗನ ಕೈಲಿದೆ, ಇವರದು ಸಲಹೆ ಮಾತ್ರ. ಕತ್ತಲೆಕೋಣೆಯ ಕಾಲದ ಎನ್‌ಲಾರ್ಜರಿನ ಕಂಬ, ಹಲಗೆ, ಒಂದು ಕ್ಯಾಮೆರಾ, 100 ಎಂಎಂ ಮ್ಯಾಕ್ರೋ ಲೆನ್ಸ್, ಎಲ್ಲವನ್ನೂ ಆಟೋದಲ್ಲಿ ಹಾಕಿಕೊಂಡು ಬಂದರು. ಎನ್‌ಲಾರ್ಜರಿನ ತಲೆ ತೆಗೆದು ಆ ಜಾಗದಲ್ಲಿ ಕ್ಯಾಮೆರಾ ಕೆಳಮುಖವಾಗಿ ಸಿಕ್ಕಿಸಿದರು. ಕಂಬದ ಹಿಡಿ ತಿರುಗಿಸಿದರೆ ಕ್ಯಾಮೆರಾ ಮೇಲೆ ಕೆಳಗೆ ನುಣ್ಣಗೆ ಸರಿಯುತ್ತದೆ.

ಹಲಗೆಯ ಮೇಲೆ ಒಂದು ಪುಟ್ಟ ಕನ್ನಡಿ ಇಟ್ಟು, “ನೋಡಿಮ್ಮ, ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ಸರಿಯಾಗಿ ನಡುವಿಗೆ ಬರಬೇಕು. ಬಂದರೆ ಕ್ಯಾಮೆರಾ ಓರೆ ಇಲ್ಲ ಅಂತ,” ಎಂದರು. ಓರೆಯಿದ್ದರೆ ದುಂಡು ನಾಣ್ಯ ಮೊಟ್ಟೆಯಾಗುತ್ತದೆ, ಒಂದು ಅಂಚು ಮಸುಕಾಗುತ್ತದೆ.

ನಾನು ಇನ್ನೊಂದು ಬಲ್ಬು ತರಲೇ ಎಂದೆ. “ಬೆಳಕು ಜಾಸ್ತಿ ಬೇಡಮ್ಮ, ದೊಡ್ಡದಾಗಿ ಬೇಕು.” ಬೆತ್ತಲೆ ಬಲ್ಬು ಚಿಕ್ಕದು, ಅದು ಬೆಳ್ಳಿಯ ಮೇಲೆ ಕಣ್ಣು ಕುಕ್ಕುವ ಒಂದು ಚುಕ್ಕೆಯಾಗಿ ಬಿದ್ದು ಮಿಕ್ಕದ್ದೆಲ್ಲ ಕಪ್ಪಾಗುತ್ತದೆ. ಮುಂದೆ ಬಟರ್ ಪೇಪರ್ ಹಿಡಿದರೆ ಆ ಕಾಗದವೇ ದೀಪ. ನಾಣ್ಯಕ್ಕಿಂತ ಎಷ್ಟೋ ಅಗಲ, ಆದ್ದರಿಂದ ಹೊಳಪು ಹರಡಿಕೊಳ್ಳುತ್ತದೆ. ಹಾಗೆಂದು ಸುತ್ತಲೂ ಕಾಗದದ ಗುಡಾರ ಕಟ್ಟಿದರೆ ನೆರಳೇ ಇಲ್ಲದೆ ರಾಜನ ಮೂಗು ಚಪ್ಪಟೆ. ಗಡಿಯಾರದ ಹತ್ತು ಮತ್ತು ಎರಡು ಇರುವ ಜಾಗಗಳಲ್ಲಿ ಒಂದೊಂದು ದೀಪ, ಒಂದರ ಮುಂದೆ ಮಾತ್ರ ಕಾಗದ: ಇದು ರಾಯರ ಪಾಕ.

ಬಿಳಿ ಯಾವುದೆಂದು ಕ್ಯಾಮೆರಾಗೆ ಹೇಳಿಕೊಡಲು ಪ್ರಿಂಟರಿನ ಎ4 ಹಾಳೆ ಹಿಡಿದೆ. ಅವರು ಬೇಡವೆಂದರು. ಹಾಳೆ ಬೆಳ್ಳಗೆ ಕಾಣಲೆಂದು ಕಾರ್ಖಾನೆಯವರು ಸೇರಿಸುವ ರಾಸಾಯನಿಕ ಕಿಟಕಿಯ ಬೆಳಕಿನಲ್ಲಿ ನೀಲಿ ಸೂಸುತ್ತದೆ. ಅದನ್ನು ಬಿಳಿಯೆಂದು ನಂಬಿದ ಕ್ಯಾಮೆರಾ ಎಲ್ಲವನ್ನೂ ಹಳದಿಗೆ ಎಳೆಯುತ್ತದೆ. ಅವರ ಚೀಲದಿಂದ ಗ್ರೇ ಕಾರ್ಡು ಬಂತು. ನಾಣ್ಯ ಇಡುವ ಜಾಗದಲ್ಲೇ ಅದನ್ನಿಟ್ಟು ಒಂದು ಚಿತ್ರ ತೆಗೆದು, ಅದರ ಮೇಲೆ ವೈಟ್ ಬ್ಯಾಲೆನ್ಸ್ ಕಟ್ಟಿಬಿಡುವುದು. ದೀಪ ಕದಲಿದರೆ ಮತ್ತೆ ಮೊದಲಿಂದ. ಆಟೋ ಮಾತ್ರ ಕೂಡದು: ಬೆಳ್ಳಿಗೆ ಒಂದು, ತಾಮ್ರಕ್ಕೆ ಒಂದು ಎಂದು ಅದು ತನ್ನಷ್ಟಕ್ಕೆ ಬಣ್ಣ ಬದಲಿಸುತ್ತ ಹೋಗುತ್ತದೆ.

ಜುಲೈ 12, ಶುಕ್ರವಾರ

ಮೊದಲ ಆಷಾಢ ಶುಕ್ರವಾರ. ಬೆಟ್ಟಕ್ಕೆ ಹೋಗುವ ಜನ ನಸುಕಿನಿಂದಲೇ. ಇವರೂ ಹೋದರು. ನಾನು ಮನೆಯಲ್ಲಿ ತಾಮ್ರ ಹಿಡಿದು ಕುಳಿತೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸು, ಇಪ್ಪತ್ತು ಕಾಸಿನದು. ಕನ್ನಡದ ಅಕ್ಷರ, ಇಂಗ್ಲಿಷಿನ ಅಕ್ಷರ ಎರಡೂ ಒಂದೇ ಬಿಲ್ಲೆಯ ಮೇಲೆ. ಇದರ ಬಣ್ಣ ಕಣ್ಣಿಗೆ ಕೆಂಗಂದು, ಅಕ್ಷರದ ಸಂದುಗಳಲ್ಲಿ ಇನ್ನೂ ಕೆಂಪು. ಚಿತ್ರದಲ್ಲಿ ಒಣಗಿದ ಮಣ್ಣು. ವೈಟ್ ಬ್ಯಾಲೆನ್ಸ್ ಸರಿ, ಗ್ರೇ ಕಾರ್ಡು ಬೂದಿಯಾಗಿಯೇ ಬಂದಿದೆ, ಆದರೂ ಕೆಂಪು ಇಲ್ಲ.

ಫೋನಿನಲ್ಲಿ ರಾಯರು ಕಾರಣ ಹೇಳಿದರು. ಅಗ್ಗದ ಎಲ್‌ಇಡಿಯ ಬೆಳಕಿನಲ್ಲಿ ಗಾಢ ಕೆಂಪಿನ ಪಾಲೇ ಕಡಮೆ. ಇಲ್ಲದ ಬಣ್ಣವನ್ನು ತಾಮ್ರ ಎಲ್ಲಿಂದ ಹಿಂದಿರುಗಿಸೀತು? ಬಣ್ಣಗಳನ್ನು ಬಲ್ಬು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವುದಕ್ಕೆ ಸಿಆರ್‌ಐ ಎಂಬ ಅಂಕ, ನೂರಕ್ಕೆ ಇಷ್ಟು ಎಂದು. ಮನೆಬಳಕೆಯ ಬಲ್ಬುಗಳದು ಸಾಮಾನ್ಯವಾಗಿ 80ರ ಆಸುಪಾಸು. ಆ ಅಂಕದ ಸರಾಸರಿಯಲ್ಲಿ ಗಾಢ ಕೆಂಪನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೆ ಆರ್‌9 ಎಂದು ಬೇರೆಯೇ ಅಂಕ, ಅದನ್ನು ಡಬ್ಬಿಯ ಮೇಲೆ ಹಾಕುವವರು ಕಡಮೆ. ರಾಯರ ಮಗ 95ರ ಎರಡು ಬಲ್ಬು ಕೊಟ್ಟುಕಳಿಸಿದ. ಹೋಲ್ಡರಿಗೆ ಹಾಕಿ ಅದೇ ಕಾಸು ತೆಗೆದಾಗ ಸಂದುಗಳ ಕೆಂಪು ಬಂತು. ಕಂಪ್ಯೂಟರಿನಲ್ಲಿ ಕೆಂಪು ಏರಿಸಿದ್ದರೆ ಕಿಲುಬಿನ ಹಸಿರೂ ಕೆಟ್ಟು ಕಂದಾಗುತ್ತಿತ್ತು.

ಇನ್ನೊಂದು: ಬಿಳಿ ಕಾಗದದ ಮೇಲೆ ತಾಮ್ರ ಇಟ್ಟರೆ ಕ್ಯಾಮೆರಾ ಆ ಬಿಳಿಗೆ ಹೆದರಿ ಬೆಳಕು ತಗ್ಗಿಸುತ್ತದೆ, ಕಾಸು ಕರ್ರಗಾಗುತ್ತದೆ. ಕಪ್ಪಿನ ಮೇಲೆ ಬೆಳ್ಳಿ ಇಟ್ಟರೆ ಇದರ ಉಲ್ಟಾ, ಬೆಳ್ಳಿ ಸುಟ್ಟುಹೋಗುತ್ತದೆ. ಎಲ್ಲಕ್ಕೂ ಒಂದೇ ಬೂದು ಹಾಳೆ, ಎಕ್ಸ್‌ಪೋಷರ್ ಕೈಯಾರೆ.

ಜುಲೈ 14, ಭಾನುವಾರ

ಟಿಪ್ಪುವಿನ ಆನೆ ಪೈಸೆ. ಇದರಲ್ಲಿ ಬಣ್ಣದ ಚಿಂತೆಯಿಲ್ಲ, ಸವಕಲಿನದೇ ಚಿಂತೆ. ಹತ್ತು-ಎರಡರ ದೀಪದಲ್ಲಿ ಆನೆಯಿದೆ ಎಂದು ಗೊತ್ತಿದ್ದವರಿಗೆ ಮಾತ್ರ ಆನೆ. ಒಂದು ದೀಪ ಆರಿಸಿ, ಇನ್ನೊಂದನ್ನು ಹಲಗೆಯ ಮಟ್ಟಕ್ಕೆ ಇಳಿಸಿ, ಕಾಗದ ತೆಗೆದುಹಾಕಿದೆ. ಬೆಳಕು ನಾಣ್ಯದ ಮೈ ಸವರಿಕೊಂಡು ಹೋಗುವಂತಾಯಿತು. ಕೂದಲೆಳೆಯಷ್ಟು ಉಬ್ಬಿಗೂ ಉದ್ದನೆಯ ನೆರಳು. ಸೊಂಡಿಲು, ಕಾಲು, ಬಾಲ ಒಂದೊಂದಾಗಿ ಹೊರಟವು. ಹಿಂಬದಿಯಲ್ಲಿ ಪಟ್ಟಣದ ಟಂಕಸಾಲೆಯ, ಅಂದರೆ ಶ್ರೀರಂಗಪಟ್ಟಣದ, ಹೆಸರಿನ ಒಂದು ತುಣುಕು. ಇಸವಿಯ ಅಂಕಿಗಳೂ ಇವೆ. ಟಿಪ್ಪು ತಂದ ಮೌಲೂದಿ ಲೆಕ್ಕದಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು ಎಂದು ಮಾವನವರು ಬರೆದಿಟ್ಟದ್ದು ಈಗ ಉಪಯೋಗಕ್ಕೆ ಬಂತು.

ಇವರು ಬಂದು ನೋಡಿ, “ಆನೆ ಹಳ್ಳಕ್ಕೆ ಬಿದ್ದಿದೆಯಲ್ಲೇ!” ಎಂದರು. ಅವರು ಮೇಜಿನ ಆಚೆ ಬದಿಯಿಂದ ನೋಡುತ್ತಿದ್ದರು. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ಹುಟ್ಟಿದಾರಭ್ಯ ನಂಬಿದೆ. ಚಿತ್ರದಲ್ಲಿ ಬೆಳಕು ಕೆಳಗಿನಿಂದ ಬಿದ್ದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣುತ್ತದೆ. ಹಾಗಾಗಿ ದೀಪ ಯಾವಾಗಲೂ ನಾಣ್ಯದ ಮೇಲ್ಭಾಗದಲ್ಲಿ, ಎಡಕ್ಕೆ ಇರಲಿ.

ಈ ಬೆಳಕು ನಿಷ್ಕರುಣಿ. ಕಾಣದೇ ಇದ್ದ ಗೀರುಗಳನ್ನೆಲ್ಲ ದೊಡ್ಡದು ಮಾಡಿ ತೋರಿಸುತ್ತದೆ. ಓದುವುದಕ್ಕೆ ಒಳ್ಳೆಯದು, ಬೆಲೆ ಕಟ್ಟುವುದಕ್ಕೆ ಕೂಡದು.

ಜುಲೈ 17, ಬುಧವಾರ

ಪ್ರಥಮ ಏಕಾದಶಿ. ಅಡುಗೆ ಇಲ್ಲ, ಹೊತ್ತು ಇದೆ. 1918ರ ರೂಪಾಯಿಗೆ ಕೈಹಾಕಿದೆ.

ಗಾಳಿಯಲ್ಲಿ, ಹಳೆಯ ಕಾಗದದಲ್ಲಿ ಇರುವ ಗಂಧಕ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡಿನ ತೆಳು ಪದರವಾಗುತ್ತದೆ. ಬೆಳಕು ಪದರದ ಮೇಲಿನಿಂದಲೂ ತಳದಿಂದಲೂ ಹಿಂತಿರುಗಿ, ಎರಡೂ ಬೆರೆಯುವಾಗ ಕೆಲವು ಬಣ್ಣ ಅಳಿದು ಕೆಲವು ಉಳಿಯುತ್ತವೆ. ಮಳೆಬಿದ್ದ ರಸ್ತೆಯಲ್ಲಿ ಸ್ಕೂಟರಿನ ಎಣ್ಣೆ ಹರಡಿದಾಗ ಕಾಣುವುದೂ ಇದೇ ಆಟ. ಪದರ ಬೆಳೆಯುತ್ತ ಹೋದಂತೆ ಮೊದಲು ಹಳದಿ, ಆಮೇಲೆ ಕೆನ್ನೇರಳೆ, ಆಮೇಲೆ ನೀಲಿ. ಮಾವನವರ ರೂಪಾಯಿಯ ಅಂಚಿನಲ್ಲಿ ಪದರ ತೆಳು, ತಲೆಯ ಹಿಂದೆ ದಪ್ಪ. ಉಜ್ಜಿದರೆ ಅಷ್ಟೂ ಹೋಯಿತು.

ಈ ಬಣ್ಣ ಕನ್ನಡಿಯಂತೆ ನೇರ ಹಿಂತಿರುಗುವ ಬೆಳಕಿನಲ್ಲಿ ಮಾತ್ರ. ಕೈಯಲ್ಲಿ ಹಿಡಿದವರು ನಾಣ್ಯ ವಾಲಿಸಿ ಆ ಕೋನ ಹುಡುಕಿಕೊಳ್ಳುತ್ತಾರೆ. ಕೆಳಮುಖದ ಕ್ಯಾಮೆರಾ ವಾಲುವುದಿಲ್ಲ. ಹಾಗಾದರೆ ಬೆಳಕೇ ಲೆನ್ಸಿನ ದಾರಿಯಲ್ಲಿ ಇಳಿದು ಅದೇ ದಾರಿಯಲ್ಲಿ ಮೇಲೆ ಹೋಗಬೇಕು. ಫೋಟೋ ಚೌಕಟ್ಟಿನ ಗಾಜೊಂದನ್ನು ಬಿಚ್ಚಿ ಒರೆಸಿ, ನಾಣ್ಯಕ್ಕೂ ಲೆನ್ಸಿಗೂ ನಡುವೆ 45 ಡಿಗ್ರಿ ಓರೆಯಲ್ಲಿ ನಿಲ್ಲಿಸಿದೆ. ಪಕ್ಕದಿಂದ ಅಡ್ಡಲಾಗಿ ಒಂದು ದೀಪ. ಗಾಜು ಅದರಲ್ಲಿ ಸ್ವಲ್ಪ ಪಾಲನ್ನು ಕೆಳಗೆ ನಾಣ್ಯಕ್ಕೆ ಹೊರಳಿಸುತ್ತದೆ, ನಾಣ್ಯದಿಂದ ಮರಳಿದ್ದು ಗಾಜು ದಾಟಿ ಲೆನ್ಸಿಗೆ. ಗಾಜು ದಾಟಿ ಆಚೆ ಹೋಗುವ ಬೆಳಕು ಗೋಡೆಗೆ ಬಡಿದು ವಾಪಸು ಬಾರದಂತೆ ಅಲ್ಲಿ ಕಪ್ಪು ರಟ್ಟು. ದೀಪದಿಂದ ನೇರವಾಗಿ ನಾಣ್ಯಕ್ಕೆ ಬೀಳದಂತೆ ಇನ್ನೊಂದು ಪಟ್ಟಿ. ಕೆಳಗೆ ಇಳಿಯುವ ಬೆಳಕು ಹತ್ತರಲ್ಲೊಂದು ಪಾಲು ಮಾತ್ರ, ಆದ್ದರಿಂದ ಎಕ್ಸ್‌ಪೋಷರ್ ದೀರ್ಘ. ಫ್ಯಾನ್ ನಿಲ್ಲಿಸಿ, ಎರಡು ಸೆಕೆಂಡಿನ ಟೈಮರ್ ಒತ್ತಿ, ಕೈ ಹಿಂದೆ ಕಟ್ಟಿಕೊಂಡು ನಿಂತೆ.

ಪರದೆಯ ಮೇಲೆ ನವಿಲುನೀಲಿ. ಅಂಚಿನಲ್ಲಿ ಹೊಂಬಣ್ಣ, ನಡುವೆ ಪುಸ್ತಕದಲ್ಲಿ ಬರೆಯದ ನೇರಳೆಯ ಒಂದು ಗೆರೆಯೂ ಇದೆ. ಆದರೆ ರಾಜನ ಕೆನ್ನೆಯ ದುಂಡು ಹೋಗಿದೆ, ಮೇಲಂಗಿಯ ಮೇಲಿನ ಆನೆ ಕಲೆಯಷ್ಟೇ. 1911ರ ರೂಪಾಯಿಯಲ್ಲಿ ಈ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ, ಆಮೇಲೆ ತಿದ್ದಿದರು. ಆ ತಿದ್ದುಪಡಿ ಕಾಣಬೇಕಾದರೆ ಓರೆ ಬೆಳಕೇ ಬೇಕು. ಬಣ್ಣಕ್ಕೆ ಒಂದು ಬೆಳಕು, ಮೈಕಟ್ಟಿಗೆ ಒಂದು. ಎರಡನ್ನೂ ಒಂದೇ ಚಿತ್ರದಲ್ಲಿ ಹುಡುಕುವುದು ಇವತ್ತಿಗೆ ಬಿಟ್ಟೆ.

ಜುಲೈ 18, ಗುರುವಾರ

ಬರೆದುಕೊಳ್ಳುವುದಕ್ಕೆ ನಾಚಿಕೆ, ಆದರೂ ಇದು ನನ್ನ ಪುಸ್ತಕ. ಈ ರೂಪಾಯಿ ನನಗೆ ಬೇಕು. ಮೊದಲ ದಿನದ ಬೂದು ಚಿತ್ರವನ್ನೇ ಕಳಿಸಿದರೆ ಮೈದುನ ತಿರುಗಿಯೂ ನೋಡುವುದಿಲ್ಲ. 1918ರ ರೂಪಾಯಿ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಇದರಲ್ಲಿ ವಿಶೇಷವೆಂದರೆ ಆ ಪದರ ಒಂದೇ. ಬೂದು ಚಿತ್ರ ಸುಳ್ಳೂ ಅಲ್ಲ. ಮೇಜಿನ ಮೇಲೆ ಅದು ಹಾಗೆಯೇ ಕಾಣುವುದು. ಅಂದರೆ ಸುಳ್ಳು ಹೇಳದೆಯೇ ಮೋಸ ಮಾಡಬಹುದು, ದೀಪವೊಂದನ್ನು ಸರಿಸಿದರೆ ಸಾಕು. ಹೊಳೆಯುವ ಚಿತ್ರ ಹಾಕಿ ಗೀರು ಮುಚ್ಚಿ ಮಾರುವವರೂ ಇದನ್ನೇ ಮಾಡುವುದು, ದಿಕ್ಕು ಬೇರೆ.

ಜುಲೈ 20, ಶನಿವಾರ

ಕಳಿಸಿದೆ. ಈವರೆಗೆ ತೆಗೆದ ಪ್ರತಿ ನಾಣ್ಯಕ್ಕೂ ಓರೆ ಬೆಳಕಿನದೊಂದು, ನೇರ ಬೆಳಕಿನದೊಂದು. ವಾಟ್ಸಾಪಿನಲ್ಲಿ ಹಾಗೇ ಹಾಕಿದರೆ ಚಿತ್ರ ಹಿಂಡಿಹೋಗುತ್ತದೆಂದು ಡಾಕ್ಯುಮೆಂಟಾಗಿ ಹಾಕಿದೆ. ಫೋನಿನ ಕಣ್ಣುತಂಪಿನ ಹಳದಿ ಪರದೆ ಆರಿಸಿ ನೋಡು ಎಂದೂ ಬರೆದೆ.

ರಾತ್ರಿ ಉತ್ತರ: “ಅತ್ತಿಗೆ, ಜಾರ್ಜನ ನೀಲಿ ರೂಪಾಯಿ ನನಗಿರ್ಲಿ. ಟಿಪ್ಪೂಂದು ನೀವು ಇಟ್ಕೊಳ್ರಿ.” ಇವರು ನಕ್ಕರು. ನನಗೆ ನಗು ಬರಲಿಲ್ಲ. ಕೊಡುತ್ತೇನೆ.

ಜುಲೈ 22, ಸೋಮವಾರ

ಉಳಿದದ್ದು ಚಿನ್ನದ ಕಂಠೀರವ ಹಣಗಳು. ನರಸಿಂಹನ ಮುದ್ರೆಯವು, ಅರ್ಧ ಗ್ರಾಮೂ ತೂಗವು, ಅಡ್ಡಳತೆ ಆರು ಮಿಲಿಮೀಟರಿನ ಆಸುಪಾಸು. ಮ್ಯಾಕ್ರೋ ಲೆನ್ಸನ್ನು ಅದರ ತುದಿಗೆ ತಂದರೂ 24 ಮಿ.ಮೀ. ಎತ್ತರದ ಸೆನ್ಸರಿನ ಕಾಲುಭಾಗ ತುಂಬುತ್ತದೆ. ಪೆಟ್ಟಿಗೆಯ ಕೆಂಪು ಮಖಮಲ್ಲಿನ ಮೇಲೇ ತೆಗೆದರೆ ಚಿನ್ನಕ್ಕೆ ಕೆಂಪು ಹತ್ತಿ ತಾಮ್ರ ಬೆರೆತಂತೆ ಕಾಣುತ್ತದೆ. ನನ್ನ ಹಸಿರು ಸೀರೆಯ ಛಾಯೆಯೂ ಒಂದರ ಅಂಚಿನಲ್ಲಿತ್ತು. ಬೂದು ಸೀರೆ ಉಟ್ಟು ಬೂದು ಹಾಳೆಯ ಮೇಲೆ ನಾಳೆ ತೆಗೆಯಬೇಕು.

ಪಟ್ಟಿಗೆ ಇವತ್ತು ಒಂದು ಕಾಲಂ ಸೇರಿಸಿದೆ. ತೂಕ, ಅಳತೆ, ಟಂಕಸಾಲೆಯ ಪಕ್ಕದಲ್ಲಿ ‘ಬೆಳಕು’: ದೀಪ ಯಾವುದು, ಎಷ್ಟು ಕೆಲ್ವಿನ್, ಯಾವ ಕಡೆಯಿಂದ, ಗಾಜು ಇತ್ತೋ ಇಲ್ಲವೋ. ಮುಂದೊಮ್ಮೆ ಇವನ್ನು ಹಂಚಿಕೊಳ್ಳುವವರು ಮಕ್ಕಳು. ಚಿತ್ರ ನೋಡಿ ಜಗಳವಾಡುವ ಮುಂಚೆ ಅವರು ಅದನ್ನೊಮ್ಮೆ ಓದಲಿ.