ಘಾಟು

ಅಡುಗೆಮನೆಯ ಹೊಗೆಗೂ ಹೆಣ್ಣಿನ ಕಣ್ಣಿಗೂ ಹಳೆಯ ನಂಟು. ನಮ್ಮಮ್ಮ ಊದುಗೊಳವೆ ಊದಿ ಊದಿ ಕೆಮ್ಮುತ್ತಿದ್ದರೆ ಮನೆಯಲ್ಲಿ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಅದು ಗೋಡೆ ಗಡಿಯಾರದ ಸದ್ದಿನಷ್ಟೇ ಮಾಮೂಲಾಗಿತ್ತು.

ಈ ಕೆಮ್ಮನ್ನು ಕೇಳಿಸಿಕೊಂಡವರೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಮೂರು ಪಾತ್ರೆ ಕೂರುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ 'ಅಸ್ತ್ರ ಒಲೆ'ಯನ್ನು ರೂಪಿಸಿದರು. ಎಷ್ಟೋ ಹಳ್ಳಿಮನೆಗಳ ಹೆಂಗಸರು ಅದರಿಂದ ನಿರಾಳವಾಗಿ ಉಸಿರಾಡಿದರು.

ಆಮೇಲೆ ಗ್ಯಾಸ್ ಬಂತು. ಸೌದೆಯ ಹೊಗೆ ಹೋಯಿತು, ಒಣಮೆಣಸಿನಕಾಯಿಯ ಘಾಟು ಹೋಗಲಿಲ್ಲ. ಬೆಳಕಿಂಡಿಯಿಲ್ಲದ ಪುಟ್ಟ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಹಾಲಿನಲ್ಲಿ ಕೂತವರೆಲ್ಲ ಸೀನಬೇಕು. ಚಿಮಣಿ ಹಾಕಿಸೋಣವೆಂದಾಗ ನಮ್ಮವರು, "ಕಿಟಕಿ ಇದೆಯಲ್ಲ" ಎಂದರು. ಕಿಟಕಿ ಇತ್ತು ನಿಜ. ಒಲೆಯ ಮುಂದೆ ಅವರಿರಲಿಲ್ಲ!

ಕೂರಿಸಲು ಬಂದ ಹುಡುಗ ಟೈಲ್ಸ್ ಗೆರೆಯ ಸಾಲಿಗೇ ಗುರುತು ಹಾಕಿದ. "ನೋಡಪ್ಪಾ, ಅಳತೆ ಟೈಲ್ಸ್‌ನದಲ್ಲ, ಒಲೆಯದು" ಎಂದೆ. ಗ್ಯಾಸ್ ಒಲೆಯಿಂದ ಸುಮಾರು ೬೫ರಿಂದ ೭೫ ಸೆಂಟಿಮೀಟರ್ ಎತ್ತರವಿರಬೇಕೆಂದು ಅದರ ಜೊತೆ ಬಂದ ಪುಸ್ತಕದಲ್ಲೇ ಇತ್ತು. ತೀರಾ ತಗ್ಗಿದರೆ ಜಿಡ್ಡಿಗೆ ಬೆಂಕಿ ತಗಲುವ ಭಯ, ತೀರಾ ಎತ್ತರವಾದರೆ ಹೊಗೆ ಪಕ್ಕಕ್ಕೆ ಜಾರುತ್ತದೆ. ಕೊಳವೆ ಚಿಕ್ಕದಾಗಿರಬೇಕು, ತಿರುವು ಕಡಿಮೆ ಇರಬೇಕು, ಅದರ ಬಾಯಿ ಬಯಲಿಗೇ ತೆರೆಯಬೇಕು. ಪ್ಲಗ್ಗಿಗೆ ಸರಿಯಾದ ಅರ್ತಿಂಗ್ ಬೇಕು.

ನಿಜವಾದ ಜಗಳ ನಡೆದದ್ದು ಗೀಸರ್ ವಿಷಯಕ್ಕೆ. ಅಡುಗೆಮನೆಗೆ ಹೊಂದಿಕೊಂಡ ಕೋಣೆಯಲ್ಲಿ ನಮ್ಮ ಗ್ಯಾಸ್ ಗೀಸರ್ ಇತ್ತು. ಚಿಮಣಿ ಗಾಳಿಯನ್ನು ಹೊರಗೆಳೆದರೆ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕಲ್ಲ? ಕಿಟಕಿ ಮುಚ್ಚಿದ್ದರೆ ಗೀಸರಿನ ಸುಟ್ಟ ಅನಿಲವೇ ಮನೆಯೊಳಕ್ಕೆ ಹಿಂದಿರುಗಬಹುದು. ಅದರಲ್ಲಿರಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜೀವ ತೆಗೆಯುವುದು ಮಾತ್ರ ಗೊತ್ತು.

"ಇಷ್ಟು ವರ್ಷ ಏನೂ ಆಗಿಲ್ಲವಲ್ಲೇ" ಎಂದರು ನಮ್ಮವರು.

"ಆಗುವುದು ಒಂದೇ ಸಲ" ಎಂದೆ.

ಗ್ಯಾಸ್ ಗೀಸರ್ ಹೋಗಿ ಕರೆಂಟಿನದು ಬಂದ ಮೇಲೆಯೇ ಚಿಮಣಿ ಗೋಡೆ ಹತ್ತಿತು. ಖರ್ಚು ಇಮ್ಮಡಿಯಾಯಿತೆಂದು ಮನೆಯಲ್ಲಿ ಎರಡು ದಿನ ಮೌನವ್ರತ. ನಾನು ಸೋಲಲಿಲ್ಲ.

ಈಗ ಒಲೆ ಹಚ್ಚುವ ಮೊದಲೇ ಚಿಮಣಿ ಹಾಕಿ, ಕಿಟಕಿಯನ್ನು ಒಂದಿಷ್ಟು ತೆರೆದಿಡುತ್ತೇನೆ. ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಓಡುತ್ತದೆ. ಪಾತ್ರೆಯಿಲ್ಲದೆ ಉರಿ ಬಿಡುವುದಿಲ್ಲ. ಅಕಸ್ಮಾತ್ ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಸುರಿಯಕೂಡದು. ಕೈಗೆಟಕುವಂತಿದ್ದರೆ ಒಲೆ, ಚಿಮಣಿ ಎರಡನ್ನೂ ಆರಿಸಿ ಮುಚ್ಚಳ ಮುಚ್ಚಬೇಕೆಂದು ಮನೆಮಂದಿಗೆಲ್ಲ ಪಾಠ ಒಪ್ಪಿಸಿದ್ದೇನೆ.

ಇನ್ನು ಫಿಲ್ಟರ್. ಹೊಗೆ ಹೋದರೂ ಜಿಡ್ಡು ಅಲ್ಲಿ ಅಂಟಿಕೊಳ್ಳುತ್ತದೆ, ತೊಳೆಯದಿದ್ದರೆ ಅದೇ ಬೆಂಕಿಗೆ ಆಹಾರ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬಿಸಿನೀರು ಮತ್ತು ಪಾತ್ರೆ ಸೋಪಿನಲ್ಲಿ ನೆನೆಸಿ ಉಜ್ಜಿ, ಪೂರ್ತಿ ಒಣಗಿಸಿ ಹಾಕಬೇಕು. ಕೊಳವೆಯಿಲ್ಲದ ಚಿಮಣಿಯಲ್ಲಿರುವ ಇದ್ದಿಲಿನ ಫಿಲ್ಟರನ್ನಾದರೆ ಸಾಮಾನ್ಯವಾಗಿ ತೊಳೆಯುವಂತಿಲ್ಲ, ಬದಲಾಯಿಸಬೇಕು.

ಈ ತೊಳೆಯುವ ಕೆಲಸವೂ ನನ್ನ ಪಾಲಿಗೇ ಬರುವ ಲಕ್ಷಣ ಕಂಡಿತು. ಆಗ ಒಂದೇ ಮಾತು ಹೇಳಿದೆ: "ಭಾನುವಾರದ ಬೋಂಡ ಬೇಕಾದವರು ಫಿಲ್ಟರ್ ತೊಳೆಯಿರಿ." ಈಗ ಅಪ್ಪ, ಮಗ ಸರದಿಯಲ್ಲಿ ತೊಳೆಯುತ್ತಾರೆ. ಬೋಂಡ ಕೇಳುವುದು ಮಾತ್ರ ಸ್ವಲ್ಪ ಕಡಿಮೆಯಾಗಿದೆ!