ಸೊಗಡಿನ ಕೈ

ಅವರೆಕಾಯಿ ಸುಲಿಯುತ್ತಾ ಕೂತವರು ತಮ್ಮ ಬಿ.ಪಿ. ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಪಕ್ಕದ ಬೀದಿಯವರ ಸೊಸೆ, ಕೋರ್ಟಿನಲ್ಲಿರುವ ಸೈಟು, ಯಾರದೋ ಮದುವೆಯಲ್ಲಿ ಉಪ್ಪು ಜಾಸ್ತಿಯಾದ ಹುಳಿ, ಹೀಗೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಕಣ್ಣು ಮಾತ್ರ ಮೊರದ ಮೇಲೆಯೇ. ಎದುರಿನವರ ಮುಖ ನೋಡಬೇಕಾಗಿಲ್ಲ ಅನ್ನುವ ಧೈರ್ಯಕ್ಕೋ ಏನೋ, ಬೇರೆ ಹೊತ್ತಿನಲ್ಲಿ ಬಾಯಿಗೆ ಬಾರದ್ದೂ ಆಗ ಸಲೀಸಾಗಿ ಬಂದುಬಿಡುತ್ತದೆ.

ಡಿಸೆಂಬರ್ ಬಂತೆಂದರೆ ಮಾಗಡಿ, ಹೊಸಕೋಟೆ, ಕೋಲಾರದ ಕಡೆಯಿಂದ ಮೂಟೆಗಟ್ಟಲೆ ಕಾಯಿ ಬೆಂಗಳೂರಿಗೆ ಬಂದು ಬೀಳುತ್ತದೆ. ನಮ್ಮ ಮನೆಯಲ್ಲಿ ಅದನ್ನು ಕೊಳ್ಳುವ ಹಕ್ಕು ಅತ್ತೆಯದು. ಒಂದು ಕಾಯಿ ಎತ್ತಿ ಮೂಸುತ್ತಾರೆ. ಸೊಗಡಿಲ್ಲದಿದ್ದರೆ "ಇದೇನಪ್ಪಾ, ಹುಲ್ಲಿನ ವಾಸನೆ ಬರತ್ತೆ" ಎಂದು ಅಂಗಡಿಯವನ ಎದುರೇ ರಾಶಿಗೆ ಎಸೆದು ಮುಂದೆ ನಡೆಯುತ್ತಾರೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಕೊಟ್ಟಿದ್ದಾರೆ. ಹಗಲು ಉದ್ದವಿರಲಿ, ಗಿಡ್ಡವಿರಲಿ, ಅವು ಪಾಪ ಹೂಬಿಟ್ಟು ಕಾಯಿ ಕೊಡುತ್ತವೆ. ನಾಟಿ ಅವರೆ ಹಾಗಲ್ಲ. ಹಗಲು ಗಿಡ್ಡವಾಗುವ ತನಕ ಅದು ಹೂಬಿಡುವುದಿಲ್ಲ. ಅದಕ್ಕೆ ಡೆಡ್‌ಲೈನ್ ಹಾಕುವ ಮ್ಯಾನೇಜರ್ ಇನ್ನೂ ಹುಟ್ಟಿಲ್ಲ.

ನಮಗಂತೂ ಹುಟ್ಟಿದ್ದಾರೆ. ಔಟರ್ ರಿಂಗ್ ರೋಡಿನ ಕಚೇರಿಯಲ್ಲಿ ಒಮ್ಮೆ ಒತ್ತಡ ನಿಭಾಯಿಸುವುದು ಹೇಗೆಂದು ತರಬೇತಿ ಇಟ್ಟಿದ್ದರು. ಸಂಜೆ ಆರಕ್ಕೆ, ಹಾಜರಿ ಕಡ್ಡಾಯ. ಕ್ಯಾಬ್ ತಪ್ಪುತ್ತದಲ್ಲಾ ಎಂದು ಗಡಿಯಾರ ನೋಡುತ್ತಲೇ ಎಲ್ಲರೂ ದೀರ್ಘವಾಗಿ ಉಸಿರೆಳೆದೆವು. ಪಾಠದಲ್ಲಿ ಹಾನ್ಸ್ ಸೆಲ್ಯೆ ಬಂದುಹೋದರು. ಇಲಿಗೆ ಚಳಿಯಾಗಲಿ, ಗಾಯವಾಗಲಿ, ಮಿತಿಮೀರಿದ ದಣಿವಾಗಲಿ, ಏನೇ ಆದರೂ ಅದರ ದೇಹ ತತ್ತರಿಸುವ ರೀತಿ ಒಂದೇ ಎಂದು 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದವರು ಅವರು. ಇಲಿಯ ಕಷ್ಟ ನನಗೆ ತಕ್ಷಣ ಅರ್ಥವಾಯಿತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೂ, ರಾತ್ರಿ ಹತ್ತರ ಮೆಸೇಜಿಗೂ, ಅಡುಗೆ ನಡುವೆ ಖಾಲಿಯಾದ ಸಿಲಿಂಡರಿಗೂ ನನ್ನ ಎದೆ ಹೊಡೆದುಕೊಳ್ಳುವುದು ಒಂದೇ ತೆರನಾಗಿ.

ಅವರೆಕಾಯಿಯ ಮುಂದೆ ಇದೆಲ್ಲ ನಡೆಯುವುದಿಲ್ಲ. ತೊಟ್ಟು ಮುರಿದು ನಾರೆಳೆಯಬೇಕು, ಬೆನ್ನಿನ ಮೇಲೆ ಹೆಬ್ಬೆರಳು ಒತ್ತಬೇಕು. ಚಟಕ್ಕೆಂದು ಬಾಯಿಬಿಟ್ಟ ಸಿಪ್ಪೆಯೊಳಗೆ ಮೂರೋ ನಾಲ್ಕೋ ಕಾಳು, ಪುಣ್ಯವಿದ್ದರೆ ಕಾಳಿನದೇ ಬಣ್ಣದ ಹುಳವೊಂದು. ಹುಳ ಕಂಡು ಮಗಳು ಕಿರುಚಿ ಎದ್ದು ಓಡುತ್ತಾಳೆ, ಇನ್ನೊಂದು ಸಿಕ್ಕಿತೇ ಎಂದು ನೋಡಲು ತಾನೇ ವಾಪಸು ಬರುತ್ತಾಳೆ. ಒಂದು ಹಿಡಿ ಸುಲಿಯುವಷ್ಟರಲ್ಲಿ ಬೆರಳಿಗೆಲ್ಲ ಸೊಗಡಿನ ಜಿಡ್ಡು ಹತ್ತಿ ಉಗುರಿನ ಸಂದಿ ಕಪ್ಪಾಗಿರುತ್ತದೆ. ನನ್ನ ಮಟ್ಟಿಗೆ ಔಷಧಿ ಇರುವುದೇ ಆ ಜಿಡ್ಡಿನಲ್ಲಿ. ಮೊಬೈಲ್ ಗುಂಯ್‌ಗುಟ್ಟುತ್ತದೆ, ಕೈ ತಾನಾಗಿ ಅತ್ತ ಚಾಚುತ್ತದೆ, ಆದರೆ ಆ ಯಂತ್ರಕ್ಕೆ ಸೊಗಡು ಮೆತ್ತಿದ ಬೆರಳಿನ ಗುರುತೇ ಹತ್ತುವುದಿಲ್ಲ. ಎದ್ದು ಸೋಪು ಹಾಕಿ ಕೈ ತೊಳೆದು ಬರುವಷ್ಟು ದೊಡ್ಡ ಸಂಗತಿಯೇ ಇದು ಎಂದು ಕೇಳಿಕೊಂಡರೆ, ಮುಕ್ಕಾಲುಪಾಲು ಮೆಸೇಜುಗಳು ಅಲ್ಲೇ ಬಿದ್ದುಹೋಗುತ್ತವೆ. ಮನಸ್ಸು ಖಾಲಿ ಮಾಡಿ ಅನ್ನುವ ಗುರುಗಳ ಮಾತು ನನ್ನಿಂದ ಆಗುವಂಥದ್ದಲ್ಲ. ಕೈ ತುಂಬಿಸಿಕೊಳ್ಳಿ ಅಂದರೆ ಆದೀತು.

ಈ ಮಾತನ್ನು ಮಾರುಕಟ್ಟೆಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಅಲ್ಲಿ ಗೋಣಿತಾಟು ಹಾಸಿಕೊಂಡು, ಬೆಳಗಿನಿಂದ ಕತ್ತಲಾಗುವವರೆಗೆ ಸುಲಿದ ಕಾಳನ್ನು ಅಳೆದು ಮಾರುವ ಹೆಂಗಸರಿದ್ದಾರೆ. ಅದೇ ಕಾಯಿ, ಅದೇ ಸೊಗಡು, ಅವರಿಗೆ ಬೆನ್ನುನೋವು. ನಾನು ಬೇಕೆಂದಾಗ ಮೊರ ಪಕ್ಕಕ್ಕೆ ಸರಿಸಿ ಎದ್ದುಬಿಡಬಹುದು. ನನ್ನ ವಿಶ್ರಾಂತಿ ನಿಂತಿರುವುದು ಆ ಅನುಕೂಲದ ಮೇಲೆ.

ಸುಲಿದಿದ್ದಕ್ಕೇ ಮುಗಿಯುವುದಿಲ್ಲ, ಹಿತಕಬೇಳೆ ಆಗಬೇಕಲ್ಲ. ಕಾಳನ್ನು ರಾತ್ರಿ ನೀರಿಗೆ ಹಾಕಿದರೆ ಬೆಳಿಗ್ಗೆ ಹೊಟ್ಟು ಸಡಿಲವಾಗಿರುತ್ತದೆ. ಎರಡು ಬೆರಳ ನಡುವೆ ಹಿಚುಕಿದರೆ ಬೇಳೆ ಪುಳಕ್ಕನೆ ಹಾರಿ ಬೋಗುಣಿಗೆ ಬೀಳುತ್ತದೆ, ಒಮ್ಮೊಮ್ಮೆ ಮಾವನವರ ಪೇಪರಿನ ಮೇಲೆ. ಅವರು ಅದನ್ನೆತ್ತಿ ಬಾಯಿಗೆ ಹಾಕಿಕೊಂಡು ಪುಟ ತಿರುಗಿಸುತ್ತಾರೆ. ಬೋಗುಣಿ ತುಂಬಲು ಭಾನುವಾರದ ಬೆಳಗು ಪೂರ್ತಿ ಬೇಕು; ಸಾರು ಖಾಲಿಯಾಗಲು ಒಂದು ಮಧ್ಯಾಹ್ನ ಹೆಚ್ಚಾಯಿತು. ಈ ಲೆಕ್ಕವನ್ನು ಆಫೀಸಿನಲ್ಲಿ ಒಪ್ಪಿಸಿದರೆ ನನ್ನ ಕೆಲಸ ಉಳಿಯುವುದಿಲ್ಲ.

ಸಂಕ್ರಾಂತಿಗೆ ಗೆಣಸು, ಕಡಲೆಕಾಯಿಯ ಜೊತೆ ಇಡೀ ಅವರೆಕಾಯಿ ಬೇಯಿಸಿ ತಿಂದಾಯಿತೆಂದರೆ ಕಾಲ ಮುಗಿಯುತ್ತಾ ಬಂತೆಂದೇ ಲೆಕ್ಕ. ಆಮೇಲೆ ಕಾಯಿ ಬಲಿಯುತ್ತದೆ, ಸೊಗಡು ತಗ್ಗುತ್ತದೆ. "ಇನ್ನು ಮುಂದಿನ ವರ್ಷದವರೆಗೆ ನನ್ನ ಗತಿಯೇನು ಅತ್ತೆ?" ಅಂದೆ. ಅವರು ತಲೆಯೆತ್ತಲಿಲ್ಲ.

"ಹುಣಸೆಹಣ್ಣು ಬರತ್ತಲ್ಲಮ್ಮ. ವರ್ಷಕ್ಕಾಗೋವಷ್ಟು ತರಿಸ್ತೀನಿ, ಕೂತ್ಕೊಂಡು ಬೀಜ ತೆಗಿ."